ಕಿದಾನಿಯವರು ಓನಿಯನ್ನು ಓಡಿಸಿದ್ದು

ಸಿನಿಮಾದವರು ಕಿದಾನಿಗೆ ಬಂದದ್ದು ನಮ್ಮನ್ನು ಮೆಚ್ಚಿಕೊಂಡಲ್ಲ, ನಮ್ಮ ಗುಡ್ಡದ ಹುಲ್ಲನ್ನು ಮೆಚ್ಚಿಕೊಂಡು. ಚಳಿಗೆ ಮುಂಚೆ ಅದು ಆಳೆತ್ತರ ಬೆಳೆದು ಬೆಳ್ಳಗೆ ತೆನೆ ಬಿಡುತ್ತದೆ. ಸೂರಿಗೆ ಹೊದಿಸುವುದು ಬಿಟ್ಟರೆ ಇನ್ನಾವುದಕ್ಕೂ ಬಾರದ ಆ ಹುಲ್ಲನ್ನು ನೋಡಿ ನಿರ್ದೇಶಕ ಕುರುಸು ಕಣ್ಣೊರೆಸಿಕೊಂಡನಂತೆ. ಕ್ಯೋಟೋದವರ ಕಣ್ಣೀರು ಅಗ್ಗ. ಆದರೆ ನಮ್ಮೂರ ಯಜಮಾನ ಯಸೋಜಿಗೆ ಅಷ್ಟೇ ಸಾಕಾಯಿತು. ಆವತ್ತಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ನನ್ನ ತೋಫು ಅಂಗಡಿಗೆ ಬಂದು ನಿಂತ.

"ಇತೊ, ಒಂದು ಚೀಲ ಸೋಯಾ ಕಾಳು ಹುರಿದಿಡು. ಊರಿಗೂರೇ ಓನಿ ಮೇಲೆ ಎರಚ್ಬೇಕು."

"ಯಾವ ಓನಿ?"

"ಸಿನಿಮಾದ್ದು. ಪಂಜು ಹಿಡ್ಕೊಂಡು, ಕಾಳು ಎರಚ್ಕೊಂಡು, 'ಓನಿ ಹೊರಗೆ' ಅಂತ ಕೂಗ್ತಾ ಗುಡ್ಡ ಹತ್ತಿಸ್ಬೇಕಂತೆ. ನಾವೆಲ್ಲ ತೆರೆ ಮೇಲೆ ಬರ್ತೀವಿ."

"ಆ ಮಾತು ಈ ಊರಲ್ಲಿ ಯಾರ ಬಾಯಲ್ಲಾದ್ರೂ ಬಂದಿದ್ಯಾ?" ಎಂದೆ. ಯಸೋಜಿಯ ಮುಖ ಸಪ್ಪಗಾಯಿತು.

ದೇಶದಲ್ಲೆಲ್ಲ ಚಳಿ ಮುಗಿಯುವ ಹಬ್ಬದ ದಿನ ಓನಿ ಎಂಬ ಕೊಂಬಿನ ದೆವ್ವವನ್ನು ಓಡಿಸಲು ಹುರಿದ ಕಾಳು ಎರಚಿ "ಓನಿ ಹೊರಗೆ, ಭಾಗ್ಯ ಒಳಗೆ" ಎಂದು ಕೂಗುತ್ತಾರೆ. ನಾವು ಕೂಗುವುದಿಲ್ಲ. ಆ ದಿನ ಕಿದಾನಿಯಲ್ಲಿ ಬಾಗಿಲು ಹಾರು ಹೊಡೆದು, ಹೊಸ್ತಿಲ ಮೇಲೆ ಒಂದು ಬಟ್ಟಲು ಗಂಜಿ ಇಟ್ಟು, "ಓನಿ, ಒಳಗೆ ಬಾ" ಎನ್ನುತ್ತೇವೆ. ಏಕೆಂದರೆ ನಮ್ಮ ಓನಿ ನಮ್ಮವಳೇ. ಯಾವುದೋ ಕಾಲದ ಬರಗಾಲದಲ್ಲಿ ನುಯಿ ಎಂಬ ಹೆಂಗಸು ಪಕ್ಕದ ಮನೆಯ ಮಡಕೆಯಿಂದ ಗಂಜಿ ಕದ್ದಳಂತೆ. ಇವಳು ಮನುಷ್ಯಳಲ್ಲ, ಓನಿ ಎಂದು ಊರವರು ಕಾಳು, ಕಲ್ಲು ಎರಚುತ್ತ ಅವಳನ್ನು ಹಿಮದ ಗುಡ್ಡಕ್ಕೆ ಅಟ್ಟಿದರಂತೆ. ಹಿಮ ಕರಗಿದ ಮೇಲೆ ಸಿಕ್ಕಿದ ಹೆಣಕ್ಕೆ ಕೊಂಬಿರಲಿಲ್ಲ. ಅಂದಿನಿಂದ ಗುಡ್ಡದ ಬುಡದಲ್ಲಿ ಅವಳ ಹೆಸರಿನದೊಂದು ಕಲ್ಲಿದೆ. ನಾವು ಅವಳನ್ನು ಕರೆಯುತ್ತಲೇ ಇದ್ದೇವೆ.

ಈ ಕಥೆಯೇ ಕುರುಸುವಿಗೆ ಬೇಕಾಗಿದ್ದದ್ದು. ಕೂಗಬಾರದ್ದನ್ನು ಕೂಗಲು ದೇವಸ್ಥಾನದ ಭಿಕ್ಷು ದಾರಿ ಹುಡುಕಿಕೊಟ್ಟರು. ಚಿತ್ರೀಕರಣಕ್ಕೆ ಮುಂಚೆ ನುಯಿಯ ಕಲ್ಲಿನ ಮುಂದೆ ಅಕ್ಕಿಯ ಹೆಂಡ ಸುರಿದು, ಧೂಪ ಹಚ್ಚಿ, ಊರೂ ಸಿನಿಮಾದವರೂ ಒಟ್ಟಿಗೆ ಬಾಗಿ ಕ್ಷಮೆ ಕೇಳಿಬಿಟ್ಟರೆ ಆಮೇಲೆ ಕೂಗಿದ್ದು ಕೂಗಿದಂತಲ್ಲ ಎಂದರು. ಸಿನಿಮಾದವರಿಗೂ ಅದು ಸರಿ ಕಂಡಿತು. ದೆವ್ವದ ಚಿತ್ರ ತೆಗೆಯುವಾಗ ಆ ದೆವ್ವದ ಸಮಾಧಿಗೆ ಹೋಗಿ ಕೈಮುಗಿಯದವರು ಅವರಲ್ಲಿ ಯಾರೂ ಇಲ್ಲವಂತೆ. ಮುಂಗಡ ಕ್ಷಮೆ ಎಷ್ಟು ಅನುಕೂಲ ನೋಡಿ.

ಇನ್ನೊಂದು ತೊಡಕು ಉಳಿದಿತ್ತು. ಓನಿಯ ಪಾತ್ರದ ನಟಿ ಹತ್ತಿರದಿಂದ ತೆಗೆಯುವ ಚಿತ್ರಕ್ಕಷ್ಟೇ ಬರುವವಳು. ಬರಿಗಾಲಲ್ಲಿ ಆ ಹುಲ್ಲಿನ ಚೂಪು ಬುಡಗಳ ಮೇಲೆ ಓಡುವವಳಲ್ಲ. ಕೊಂಬಿನ ಮುಖವಾಡ ಹಾಕಿಕೊಂಡು ಓಡಲು ಊರಿನ ಒಬ್ಬ ಹೆಂಗಸು ಬೇಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಯಸೋಜಿ, "ಫುಸಾಯೆ ಇದ್ದಾಳಲ್ಲ," ಎಂದ. ಯಾರೂ ಏನೂ ಅನ್ನಲಿಲ್ಲ. ಫುಸಾಯೆಯ ಒಡಹುಟ್ಟಿದ ಅಕ್ಕ ಕುಮೆ ಅಲ್ಲೇ ನಿಂತಿದ್ದಳು. ಅವಳೂ ಅನ್ನಲಿಲ್ಲ.

ಫುಸಾಯೆಯನ್ನು ಹಿರೋಷಿಮಾಕ್ಕೆ ಕೊಟ್ಟಿದ್ದರು. ಬಾಂಬು ಬಿದ್ದಾಗ ಸಾಯದೆ ಉಳಿದಳು. ಎಡಗೆನ್ನೆ, ಕತ್ತು ಸುಟ್ಟು ಗಂಟುಗಂಟಾಗಿ ಬಲಿತವು. ಗಂಡ ಹೋದ ಮೇಲೆ ತವರಿಗೆ ಬಂದಳು. ಅಷ್ಟರಲ್ಲಿ ತವರುಮನೆ ಎಂದರೆ ಕುಮೆಯ ಮನೆ. ಕುಮೆ ತಂಗಿಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ, ಗುಡ್ಡದ ಮೇಲಿನ ಇದ್ದಿಲು ಸುಡುವ ಗುಡಿಸಲಿನಲ್ಲಿ ಇರಿಸಿದಳು. ಕುಮೆಯ ಮಗಳು ಮಿತ್ಸುಯೊ ಮದುವೆಯ ವಯಸ್ಸಿಗೆ ಬಂದಿದ್ದಳು. ಆ ಬೆಂಕಿ ರಕ್ತದಲ್ಲಿ ಇಳಿದುಬರುತ್ತದೆ, ಅಂಥ ಮನೆಯ ಹೆಣ್ಣು ತಂದರೆ ಮಕ್ಕಳು ನೆಟ್ಟಗಿರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ಈಗ ಕೆಳಗಿನ ಕಣಿವೆಯ ಒಳ್ಳೆಯ ಮನೆಯಿಂದ ಸಂಬಂಧ ಬಂದಿತ್ತು. ಮಧ್ಯಸ್ಥಗಾತಿ ಸುಮಿ ಎಂಬವಳು "ನಿಮಗೆ ಒಬ್ಬ ತಂಗಿ ಇದ್ದಳಲ್ಲವೇ?" ಎಂದು ಕೇಳಿದಾಗ ಕುಮೆ, "ಹಿರೋಷಿಮಾದಲ್ಲೇ ತೀರಿಕೊಂಡಳು," ಎಂದಿದ್ದಳು.

ಇದನ್ನು ನನಗೆ ಹೇಳಿದವಳು ಫುಸಾಯೆಯೇ. ನಾನು ಆಗಾಗ ತೋಫು ಕೊಟ್ಟುಬರಲು ಹೋಗುತ್ತಿದ್ದೆ. ಕದ್ದು ಹೋಗುತ್ತಿದ್ದೆ ಎನ್ನುವುದೇ ಸರಿ.

"ನಮ್ಮಕ್ಕ ನನ್ನ ಸಾಯಿಸ್ಬಿಟ್ಟಿದ್ದಾಳೆ ಇತೊಕ್ಕ," ಎಂದು ನಕ್ಕಳು. "ನುಯಿಯಾದ್ರೆ ವರ್ಷಕ್ಕೊಂದು ದಿನ ಒಳಗೆ ಬರ್ಬಹುದು. ನನ್ನೂ ಅದೇ ಸಾಲಲ್ಲಿ ನಿಲ್ಸಿ ಅಂತ ಯಸೋಜಿಗೆ ಹೇಳು."

"ಆ ಮುಖವಾಡ ಯಾಕೆ ಒಪ್ಕೊಂಡೆ? ಬೇರೆ ಕೆಲ್ಸ ಇರ್ಲಿಲ್ವಾ ನಿಂಗೆ?"

"ಮುಖ ಮುಚ್ಚಿರತ್ತೆ. ಊರವ್ರ ಜೊತೆ ಒಂದು ಹೊತ್ತು ಇರ್ಬಹುದು ಅಂತ."

ಪಾತ್ರೆ ತೆಗೆದುಕೊಂಡು ಇಳಿದುಬಂದೆ.

ಚಿತ್ರೀಕರಣದ ದಿನ ಬೆಳಿಗ್ಗೆ ಎಲ್ಲರೂ ನುಯಿಯ ಕಲ್ಲಿನ ಮುಂದೆ ಸಾಲಾಗಿ ಬಾಗಿದೆವು. ಕುರುಸು ಬಾಗಿದ, ಕ್ಯಾಮೆರಾದವನು ಟೋಪಿ ತೆಗೆದು ಬಾಗಿದ. ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿದ್ದವಳು ಕುಮೆ. ಅವಳ ತುಟಿ ಅಲುಗುತ್ತಿತ್ತು. ಸತ್ತು ಮಣ್ಣಾದವಳಿಗೆ ಅಷ್ಟು ಹೇಳುವುದು ಅವಳಿಗೇನಿತ್ತೋ. ಹಿಂದೆ, ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಫುಸಾಯೆ ಒಬ್ಬಳೇ ಕೂತಿದ್ದಳು. ಅವಳ ಕಡೆ ತಿರುಗಿ ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಅದು ರಾತ್ರಿಯ ದೃಶ್ಯ, ಆದರೆ ತೆಗೆಯುವುದು ಹಾಡುಹಗಲಲ್ಲಿ. ಕ್ಯಾಮೆರಾದ ಕಣ್ಣಿಗೆ ಬಣ್ಣದ ಗಾಜು ಹಾಕಿದರೆ ಬಿಸಿಲು ಬೆಳದಿಂಗಳಾಗುತ್ತದಂತೆ. ನೆತ್ತಿ ಸುಡುವ ಬಿಸಿಲಲ್ಲಿ ಉರಿಯುವ ಪಂಜು ಹಿಡಿದು ನಿಂತೆವು. ನೋಡಲು ಕೆಳಗಿನ ಕಣಿವೆಯಿಂದಲೂ ಜನ ಬಂದಿದ್ದರು. ಅವರ ನಡುವೆ, ಒಳ್ಳೆಯ ಬೂದು ಬಣ್ಣದ ಕಿಮೋನೋ ಉಟ್ಟು, ಛತ್ರಿ ಬಿಚ್ಚಿಕೊಂಡು ಮಧ್ಯಸ್ಥಗಾತಿ ಸುಮಿ ನಿಂತಿದ್ದಳು. ಅವಳನ್ನು ಕಂಡದ್ದೇ ಕುಮೆ ಬಿಳಿಚಿಕೊಂಡಳು. ಫುಸಾಯೆಯೂ ಕಂಡಳು. ಯಾರೂ ಹೇಳುವ ಮೊದಲೇ ಮುಖವಾಡ ಕಟ್ಟಿಕೊಂಡಳು.

ಕುರುಸು ಕೈ ಎತ್ತಿದ. ಫುಸಾಯೆ ಹುಲ್ಲಿನೊಳಗೆ ನುಗ್ಗಿ ಗುಡ್ಡಕ್ಕೆ ಓಡಿದಳು. ನಾವು ಕೂಗಿದೆವು.

ನಾವು ತಡವರಿಸುತ್ತೇವೆ, ನಾಚುತ್ತೇವೆ ಅಂದುಕೊಂಡಿದ್ದೆ. ತಲೆತಲಾಂತರದಿಂದ ಬಾಯಿಗೆ ಬಾರದ ಮಾತಲ್ಲವೇ. ಆದರೆ ಅದು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಹೆದರಿಕೆಯಾಯಿತು. "ಓನಿ ಹೊರಗೆ" ಎಂದು ಮುದುಕರು ಕೂಗಿದರು, ಬಸುರಿಯರು ಕೂಗಿದರು, ಯಸೋಜಿ ಹಲ್ಲು ಕಚ್ಚಿ ಕೂಗಿದ. ನಾನು ಹುರಿದ ಕಾಳು ಅವಳ ಬೆನ್ನಿಗೆ ಪಟಪಟ ಬಡಿಯುತ್ತಿತ್ತು. ಎಲ್ಲರಿಗಿಂತ ಮುಂದೆ ಕುಮೆ ಇದ್ದಳು. ಅವಳ ದನಿ ಎಲ್ಲರ ದನಿಯನ್ನೂ ಮುಚ್ಚಿ ಮೇಲೆದ್ದಿತ್ತು.

"ಒಂದೇ ಸಲಕ್ಕೆ ಸರಿಹೋಯ್ತು," ಎಂದು ಕುರುಸು ಬೆರಗಾಗಿ ಹೇಳಿದ. "ನೀವು ವರ್ಷವರ್ಷ ಇದನ್ನೇ ಮಾಡ್ತೀರೇನೋ ಅನ್ನಿಸ್ತು."

ಯಸೋಜಿ ಪಂಜನ್ನು ನೆಲಕ್ಕೆ ಒತ್ತಿ ಆರಿಸತೊಡಗಿದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಧ್ವನಿ ಹಿಡಿಯುವವನು ಕಿವಿಯ ಮೇಲಿನ ಡಬ್ಬಿ ಸರಿಸಿಕೊಂಡು ಬಂದ. ಗಾಳಿಗೆ ಹುಲ್ಲಿನ ಸದ್ದೇ ಹೆಚ್ಚಾಗಿ ಕೂಗು ಕಲಸಿಹೋಗಿದೆಯಂತೆ. ಆಮೇಲೆ ಸೇರಿಸಿಕೊಳ್ಳಲು ಬರಿಯ ದನಿ ಬೇಕಂತೆ.

"ಮುಂದಿದ್ರಲ್ಲ, ಆ ಅಮ್ಮಾವ್ರು. ಅವ್ರೊಬ್ರೇ ಸಾಕು. ಮಿಕ್ಕೋರೆಲ್ಲ ಉಸಿರು ಬಿಡ್ದೆ ನಿಂತ್ಕೊಳ್ಳಿ."

ಕುಮೆಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಓಟವಿಲ್ಲ, ಪಂಜಿಲ್ಲ, ಗುಂಪಿಲ್ಲ. ಊರೆಲ್ಲ ಸುಮ್ಮನೆ ನಿಂತು ನೋಡುತ್ತಿತ್ತು. ಅವಳ ಎದುರಿಗೇ, ಒಂದು ಬಂಡೆಯ ಮೇಲೆ, ಮುಖವಾಡ ತೆಗೆಯದೆ ಫುಸಾಯೆ ಕೂತಿದ್ದಳು. ಅಂಗಾಲಿನಿಂದ ರಕ್ತ ಒಸರುತ್ತಿತ್ತು.

"ಓನಿ ಹೊರಗೆ," ಎಂದಳು ಕುಮೆ. ದನಿಯೇ ಹೊರಡಲಿಲ್ಲ.

"ಆಗ ಕೂಗಿದ್ರಲ್ಲ, ಹಾಗೆ. ಹೊಟ್ಟೆಯಿಂದ."

ಕುಮೆ ತಂಗಿಯನ್ನು ನೋಡಿದಳು, ಛತ್ರಿಯ ಕೆಳಗಿನ ಸುಮಿಯನ್ನು ನೋಡಿದಳು. ಕಣ್ಣು ಮುಚ್ಚಿ ಕೂಗಿದಳು. ಗುಡ್ಡ ಮಾರ್ದನಿ ಕೊಟ್ಟಿತು. "ಇನ್ನೊಂದು," ಎಂದ ಅವನು. ಅವಳು ಇನ್ನೊಂದು ಕೂಗಿದಳು. ಅವನು ಸಾಕು ಎನ್ನುವವರೆಗೂ ಕೂಗಿದಳು. ನನ್ನ ಪಕ್ಕದಲ್ಲಿದ್ದ ಮಿತ್ಸುಯೊ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಮುಗಿದ ಮೇಲೆ ಕುಮೆ ಚಹಾ ಹಂಚುತ್ತಿದ್ದ ನನ್ನ ಕೈಯಿಂದ ಒಂದು ಬಟ್ಟಲು ಕಿತ್ತುಕೊಂಡು ಬಂಡೆಯ ಬಳಿಗೆ ಹೋದಳು. ಕೆಟಲಿ ಹಿಡಿದು ನಾನೂ ಹಿಂದೆ ಹೋದೆ. ಫುಸಾಯೆ ಮುಖವಾಡವನ್ನು ಗದ್ದದಿಂದ ತುಸುವೇ ಎತ್ತಿ ಚಹಾ ಕುಡಿದಳು.

"ಫುಸಾಯೆ," ಎಂದಳು ಕುಮೆ.

"ನೀನು ಊರವ್ರೆಲ್ಲರ ಮುಂದೆ ನನ್ನ ಕೂಗಿದ್ದು ಇವತ್ತೇ ಮೊದ್ಲು ಅಕ್ಕ," ಎಂದಳು ಮುಖವಾಡದೊಳಗಿನಿಂದ ಫುಸಾಯೆ. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಕುಮೆ ಕುಸಿದು ಕೂತಳು. "ತೆಗಿ ಅದನ್ನ. ಇವತ್ತೇ ಮನೆಗೆ ನಡಿ. ನಾನು ಆ ಯಮ್ಮನಿಗೆ ಹೇಳ್ತೀನಿ."

"ಏನಂತ? ಸತ್ತೋಳು ಎದ್ದು ಬಂದ್ಳು ಅಂತಲಾ? ಸುಮ್ನಿರು. ಹುಡುಗಿ ಏನು ತಪ್ಪು ಮಾಡಿದ್ಲು? ಹೋಗು, ಅವ್ರು ಈ ಕಡೆನೇ ನೋಡ್ತಿದ್ದಾರೆ."

ಆಗ ಕುಮೆಯ ಮುಖದಲ್ಲಿ ಒಂದು ನಿರಾಳ ಮೂಡಿತು. ಅವಳು ಬೇಕೆಂದು ತಂದುಕೊಂಡದ್ದಲ್ಲ, ತಡೆಯಲು ಹೊರಟರೂ ತಡೆಯಲಾಗಲಿಲ್ಲ. ನಾನು ಕಂಡೆ. ಮುಖವಾಡದ ತೂತಿನೊಳಗಿನ ಕಣ್ಣುಗಳೂ ಕಂಡವು. ಫುಸಾಯೆ ಕಂಡಳೆಂಬುದು ಕುಮೆಗೂ ತಿಳಿಯಿತು.

ಅಷ್ಟರಲ್ಲಿ ಸುಮಿ ಛತ್ರಿ ಮಡಚುತ್ತ ಬಂದೇಬಿಟ್ಟಳು. ಮುಖದ ತುಂಬ ನಗು.

"ಕುಮೆಯಮ್ಮ, ಎಂಥಾ ಗಂಟಲ್ರೀ ನಿಮ್ದು. ಇಂಥೋರಿರೋ ಮನೆಗೆ ಕೆಟ್ಟದ್ದು ಹತ್ರ ಸುಳಿಯಲ್ಲ. ಆ ಕಡೆಯೋರಿಗೂ ಅದನ್ನೇ ಹೇಳ್ತೀನಿ. ಸಂಬಂಧ ಆಯ್ತು ಅಂತ್ಲೇ ಇಟ್ಕೊಳ್ಳಿ." ಆಮೇಲೆ ಬಂಡೆಯ ಕಡೆ ತಿರುಗಿದಳು. "ಇವ್ರು ಯಾರು? ಪಾಪ, ಎಷ್ಟು ಚೆನ್ನಾಗಿ ಓಡಿದ್ರು."

ಎದ್ದು ನಿಂತ ಕುಮೆಯ ಬಾಯಿ ತೆರೆಯಿತು. ನಾನು ಅವಳ ತೋಳನ್ನು ಹಿಡಿದುಕೊಂಡಿದ್ದೆ. ಹೇಳು ಎಂದು ಹಿಡಿದಿದ್ದೆನೋ, ಹೇಳಬೇಡ ಎಂದು ಹಿಡಿದಿದ್ದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಸಿನಿಮಾದೋರು," ಎಂದಳು ಕುಮೆ. "ಯಾರೋ."

ಫುಸಾಯೆ ಬಂಡೆಯಿಂದ ಇಳಿದಳು. ರಕ್ತದ ಪಾದಗಳನ್ನು ಜೋಡಿಸಿ ನೆಟ್ಟಗೆ ನಿಂತು, ಎರಡೂ ಕೈ ತೊಡೆಯ ಮೇಲಿಟ್ಟು, ಸುಮಿಗೆ ಸೊಂಟ ಬಾಗಿಸಿ ನಮಸ್ಕರಿಸಿದಳು. ಮದುವೆ ಕೂಡಿಸಿಕೊಟ್ಟವರಿಗೆ ಹೆಣ್ಣಿನ ಮನೆಯವರು ಬಾಗುತ್ತಾರಲ್ಲ, ಅಷ್ಟು ಕೆಳಗೆ ಬಾಗಿದಳು.

"ಅಯ್ಯೋ, ನಂಗ್ಯಾಕಮ್ಮ ಇಷ್ಟೊಂದು," ಎಂದು ಸುಮಿ ನಗುತ್ತ ತಾನೂ ತಲೆಬಾಗಿದಳು.

ಕುಮೆಯೂ ಬಾಗಿದಳು. ಸುಮಿ ಹೊರಟುಹೋದಳು, ಫುಸಾಯೆ ಹುಲ್ಲು ಸರಿಸಿಕೊಂಡು ಗುಡ್ಡ ಹತ್ತಿದಳು, ಸಿನಿಮಾದವರು ತಂತಿ ಸುತ್ತತೊಡಗಿದರು. ಕುಮೆ ತಲೆ ಎತ್ತಲಿಲ್ಲ. ಮಿತ್ಸುಯೊ ಬಂದು ಮೆಲ್ಲಗೆ ಭುಜ ಮುಟ್ಟಿ, "ಅಮ್ಮ, ಎಲ್ಲರೂ ಹೋದ್ರು," ಎಂದಳು. ಆಗಲೂ ಎತ್ತಲಿಲ್ಲ.