ಇಪ್ಪತ್ತೆರಡು ಬಾಟಲಿ

ಎರಡು ಕಂಕುಳಲ್ಲೂ ಒಂದೊಂದು ಗಾಜಿನ ಬಾಟಲಿ ಇರುಕಿಕೊಂಡು ಹಿತ್ತಲಿಗೆ ಹೊರಟಿದ್ದ ಕಲ್ಯಾಣಪ್ಪನಿಗೆ ಸೌಂದರ್ಯಾ ಅಡ್ಡ ನಿಂತಳು.

"ಮಾಮಾ, ಎಲ್ಲಿಗಿ ಒಯ್ಯಾಕತ್ತೀರಿ?"

"ಮೋರಿಗಿ. ಸತ್ತ ಮನಿ ಹಿಟ್ಟು ಹಬ್ಬದಾಗ ಯಾರು ಮುಟ್ತಾರವ್ವಾ? ಕೊಡಾಕ ಹೋಗಿ ಬೈಸ್ಕೊಳ್ಳೂದು ಬ್ಯಾಡ."

"ನಿನ್ನಿ ಮಧ್ಯಾಹ್ನ ಅತ್ತಿ ತಾವೇ ಕಡೀ ಮುಚ್ಚಳಾ ಬಿಗದ್ರು. ನಾಳೆ ಕೊಟ್ಟು ಬರ್ತೀನಿ ಅಂದಿದ್ರು."

ನಡುಮನೆಯಲ್ಲಿ ಉಮಾಬಾಯಿಯನ್ನು ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ನಸುಕಿನಲ್ಲಿ ಪ್ರಾಣ ಹೋಗಿತ್ತು. ಹುಮನಾಬಾದದಿಂದ ಅಣ್ಣ ಕಲ್ಯಾಣಪ್ಪ ಸಿಕ್ಕ ಬಸ್ಸು ಹತ್ತಿ ಬಂದಿದ್ದ. ದೀಪಾವಳಿಗೆ ಇನ್ನು ಎರಡೇ ದಿನ. ತೆಲುಗು ಸೀಮೆಯ ಕುಷಾಯಿಗೂಡದ ಆ ಓಣಿಯ ಇಪ್ಪತ್ತೆರಡು ಮನೆಗಳಿಗೆಂದು ತುಂಬಿಟ್ಟ ಇಪ್ಪತ್ತೆರಡು ಬಾಟಲಿಯಲ್ಲಿ ಇಪ್ಪತ್ತು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿದ್ದವು. ತಳದಲ್ಲಿ ಮೈದಾ, ಅದರ ಮೇಲೆ ಕಡಲೆಹಿಟ್ಟು, ಸಣ್ಣ ರವೆ, ಬೀಸಿದ ಸಕ್ಕರೆ, ಎಲ್ಲಕ್ಕೂ ಮೇಲೆ ಏಲಕ್ಕಿಪುಡಿ. ತುಪ್ಪ ಹಾಕಿ ಕಲಸಿ ಸುಟ್ಟರೆ ನಾನಕಟಾಯಿ.

"ಒಬ್ಬರಾದ್ರೂ ಬ್ಯಾಡ ಅನ್ಲಿ, ನಾನೇ ಚೆಲ್ತೀನಿ. ಕೇಳದ ಚೆಲ್ಲಾಕ ಬಿಡಂಗಿಲ್ಲ."

"ನಿಮ್ಮತ್ತಿಗಿಂತ ಹಟಮಾರಿ ಆದಿ ನೀ."

"ಅವರ ಕೈಯಾಗ ಪಳಗೀನಲ್ರಿ."

* * *

ಮೂವತ್ತು ವರ್ಷದ ಹಿಂದೆ ಉಮಾಬಾಯಿ ಈ ಓಣಿಗೆ ಬಂದಾಗ ಅವಳಿಗೆ ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ. ಹಬ್ಬಕ್ಕೆ ಎದುರುಮನೆಗೆ ಒಂದು ಬಾಟಲಿ ಕೊಟ್ಟು, ಕೈಮುಗಿದು ಬಂದಳು. ಸಂಕ್ರಾಂತಿಗೆ ಎಳ್ಳು ಬೀರಲು ಹೋಗಿ ನೋಡುತ್ತಾಳೆ, ಬಾಟಲಿ ದೇವರ ಜಗುಲಿಯ ಮೇಲಿದೆ! ಯಾವುದೋ ಯಾತ್ರೆಯ ಪ್ರಸಾದವೆಂದು ತಿಳಿದು, ಕುಂಕುಮ ಹಚ್ಚಿ, ಹೂವೇರಿಸಿ, ಎರಡು ತಿಂಗಳಿಂದ ಪೂಜೆ ನಡೆಸಿದ್ದಾರೆ. ಒಳಗೆ ಹುಳ ಬಿದ್ದಿವೆ.

ಉಮಾಬಾಯಿ ನೆಲಕ್ಕೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮನೆಯ ಹೊಸ ಸೊಸೆ ಶಾಮಲಾಳ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು, ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಮೇಲೆ ತಟ್ಟೆಯಿಟ್ಟು, ಹೊಸ ಹಿಟ್ಟಿನಲ್ಲಿ ಸುಟ್ಟು ತೋರಿಸಿದಳು. ಮರುವರ್ಷ ಮೂರು ಮನೆ, ಅದರ ಮರುವರ್ಷ ಏಳು. ಅವಳು ತೆಲುಗು ಕಲಿತದ್ದು ಆ ಅಡುಗೆಮನೆಗಳಲ್ಲಿಯೇ.

* * *

ಹೂಮಾಲೆ ಹಿಡಿದು ಶಾಮಲಾ ಬಂದಳು. ಈಗ ಅವಳ ತಲೆಯೂ ಅರ್ಧ ಬೆಳ್ಳಗಾಗಿತ್ತು.

"ಅಕ್ಕಾರ, ಅತ್ತಿ ಎಲ್ಲಾರಿಗೂ ಬಾಟಲಿ ತುಂಬಿಟ್ಟಾರ್ರಿ. ಮೈಲಿಗಿ ಅಂತ ಬ್ಯಾಡ ಅಂದ್ರೂ ನನಗ ಬೇಜಾರಿಲ್ಲ."

ಶಾಮಲಾ ಹೂಮಾಲೆಯನ್ನು ಉಮಾಬಾಯಿಯ ಕೊರಳಿಗೆ ಹಾಕಿದಳು.

"ನಾ ಹೇಳಿದ್ದಿಲ್ಲಾ?" ಎಂದ ಕಲ್ಯಾಣಪ್ಪ.

"ಅಣ್ಣಾರೂ," ಶಾಮಲಾ ಅವನತ್ತ ತಿರುಗಿದಳು. ಉಮಾಬಾಯಿಯಿಂದ ಕಲಿತ ಕನ್ನಡ ಅವಳದು. "ನಿಮ್ ತಂಗಿ ಹಿಟ್ಟಿಗಿ ಎರಡ ತಿಂಗಳ ಪೂಜಾ ಮಾಡಿದ ಮನಿ ನಮ್ದು. ಇವತ್ತ ಮೈಲಿಗಿ ಅಂದ್ರ ನಮ್ ದೇವರೇ ನಗ್ತಾನ. ಬುಟ್ಟಿ ಕೊಡಮ್ಮಾ. ಎಲ್ಲಾ ನಾನೇ ಮುಟ್ಟಸ್ತೀನಿ."

ಎರಡು ಬುಟ್ಟಿಯಲ್ಲಿ ಇಪ್ಪತ್ತೆರಡೂ ಹೋದವು. ಉಳಿದವರು ತಗೊಂಡರೋ, ಬಾಗಿಲು ಹಾಕಿಕೊಂಡರೋ, ಸೌಂದರ್ಯಾಳಿಗೆ ತಿಳಿಯಲಿಲ್ಲ.

ಮೂರು ಗಂಟೆಗೆ ಉಮಾಬಾಯಿಯನ್ನು ಕೂಡಿಸಿದ ಹೂವಿನ ವಿಮಾನ ಎದ್ದಿತು. ಸೌಂದರ್ಯಾಳ ಗಂಡ ಸೂರ್ಯಕಾಂತ ತಾಯಿಗೆ ಮುಂದಿನ ಹೆಗಲು ಕೊಟ್ಟ. ಕಲ್ಯಾಣಪ್ಪ ತಾಳ ಹಿಡಿದು ಭಜನೆಯ ಮುಂದೆ ನಡೆದ. ಸೌಂದರ್ಯಾ ಓಣಿಯುದ್ದಕ್ಕೂ ನೋಡಿದಳು. ಒಂದು ಗೇಟಿನಲ್ಲೂ ಜನವಿಲ್ಲ.

"ನೋಡಿದ್ಯಾ?" ಕಲ್ಯಾಣಪ್ಪ ಭಜನೆಯ ಪದಗಳ ನಡುವೆಯೇ ಅಂದ. "ಮಾರಿ ತೋರ್ಸಾಕೂ ಒಬ್ಬರಿಲ್ಲ."

ಅವಳು ತಲೆ ತಗ್ಗಿಸಿದಳು. ಆಗ ಗಾಳಿ ತಿರುಗಿತು.

ತುಪ್ಪದ ಘಮ, ಏಲಕ್ಕಿಯ ಘಮ. ಮೊದಲು ಒಂದು ಕಿಟಕಿಯಿಂದ, ಆಮೇಲೆ ಎಡಕ್ಕೆ, ಬಲಕ್ಕೆ, ಮಾಳಿಗೆಯ ಮೇಲಿಂದ. ಹೆಣ ಓಣಿ ದಾಟುವವರೆಗೆ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಇಷ್ಟು ವರ್ಷ ಯಾರೂ ಹಚ್ಚಿರಲಿಲ್ಲ. ಇಂದು ಇಪ್ಪತ್ತೆರಡು ಮನೆಯಲ್ಲೂ ಒಲೆ ಉರಿಯುತ್ತಿತ್ತು.

ಗೇಟುಗಳು ಒಂದೊಂದಾಗಿ ತೆರೆದವು. ಸೆರಗಿನಲ್ಲಿ ತಟ್ಟೆ ಹಿಡಿದು, ಕೈಗೆ ಹಿಟ್ಟು ಮೆತ್ತಿಕೊಂಡೇ ಹೆಂಗಸರು ಬಂದರು. ಹೊತ್ತವರ ಹೆಜ್ಜೆ ತಾನಾಗಿ ನಿಧಾನವಾಯಿತು. ಸೌಂದರ್ಯಾ ತಲೆಯೆತ್ತಿ ನಡೆದಳು.

ಕೊನೆಯ ಮನೆಯ ಮುದುಕಿ ಕಲ್ಯಾಣಪ್ಪನ ಅಂಗೈಯಲ್ಲಿ ಒಂದನ್ನಿಟ್ಟಳು. ಅವನು ತಾಳವೆರಡನ್ನೂ ಒಂದೇ ಕೈಗೆ ತಗೊಂಡು, ಸುಡುವ ನಾನಕಟಾಯಿಯನ್ನು ಇನ್ನೊಂದರಲ್ಲಿ ಕುಣಿಸುತ್ತ, ಉಫ್ ಉಫ್ ಎಂದು ಊದುತ್ತ ಹೊರಟ. ಅವನ ಹಿಂದೆ, ಆ ಘಮದ ನಡುವೆ, ಉಮಾಬಾಯಿ ನೆಟ್ಟಗೆ ಕುಳಿತು ಓಣಿ ದಾಟಿದಳು.