ಹುರುಳಿ ತಿಂದ ತೋಳು

ನನ್ನ ಮೈದುನ ಶಿವಶಂಕರನ ತೋಳನ್ನು ಹಂಪಾಪುರದಲ್ಲಿ ನೋಡದವರಿಲ್ಲ. ಅದನ್ನು ಬೆಳೆಸಿದವಳು ನಾನು, ಅವನ ಅತ್ತಿಗೆ ಭದ್ರಮ್ಮ. ಇದನ್ನು ಜಂಬ ಎನ್ನುವವರು ಎನ್ನಲಿ, ಜಂಬವೇ. ಕಬ್ಬಿಣ ಎತ್ತಿದ್ದು ಅವನು, ಒಪ್ಪಿದೆ. ಎತ್ತಿ ಸುಸ್ತಾಗಿ ಬಂದವನ ಹೊಟ್ಟೆಗೆ ಹಾಕಿದವರು ಯಾರು?

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು. ಪಿಯುಸಿ ಮುಗಿಸಿ, ಎರಡು ಸಾವಿರದ ಇಸವಿಯ ಸುಮಾರಿಗೆ, ಹತ್ತಿರದ ಊರು ಹ್ಯಾಂಡ್‌ಪೋಸ್ಟಿನ ಅಬ್ದುಲ್ ರಹಮಾನರ ಜಿಮ್ಮಿಗೆ ಸೇರಿಕೊಂಡ. ರಹಮಾನರು ಕಬ್ಬಿಣದ ಗೇಟು, ಕಿಟಕಿ ಮಾಡುವವರು. ಹಳೇ ಟ್ರ್ಯಾಕ್ಟರಿನ ಬಿಡಿಭಾಗಗಳನ್ನೆಲ್ಲ ಬೆಸೆದು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹುಡುಗರಿಗೆ ಎತ್ತಲು ಇಟ್ಟಿದ್ದರು. ಮೈ ಉಬ್ಬಿಸುವ ಡಬ್ಬಿಯ ಪುಡಿಗೂ ಸೂಜಿಮದ್ದಿಗೂ ಅವರಲ್ಲಿ ಜಾಗವಿರಲಿಲ್ಲ. ನಮ್ಮದು ಮೊಟ್ಟೆಯ ನೆರಳೂ ಸೋಕದ ಅಡುಗೆಮನೆ ಎಂದು ಶಂಕರ ಹೇಳಿಕೊಂಡಾಗ, “ಅದಕ್ಯಾಕೆ ಅಳ್ತೀಯಪ್ಪ, ಮನೇಲಿ ಉಳ್ಳಿ ಇಲ್ವಾ? ಉಳ್ಳಿ ತಿನ್ನು, ಹಾಲು ಕುಡಿ, ಒತ್ತಿಗೆ ಸರಿಯಾಗಿ ಮಲಗು,” ಅಂದರಂತೆ.

ಉಳ್ಳಿ ಎಂದರೆ ಹುರುಳಿ, ನಮ್ಮ ಮನೆಯಲ್ಲಿ ಅದಕ್ಕೇನು ಬರ? ದಿನವೂ ಹುರುಳಿ ಬೇಯಿಸಿದೆ, ದಿನವೂ ಸಾರು ಬಡಿಸಿದೆ. ಅವನು ಸೊರಸೊರ ಉಂಡ, ಬೆವರು ಸುರಿಸಿ ಎತ್ತಿದ. ತಿಂಗಳುಗಳೇ ಉರುಳಿದರೂ ಮೈ ಮಾತ್ರ ಇದ್ದ ಹಾಗೇ ಇತ್ತು. “ನನ್ ಮೈಯೇ ಇಷ್ಟು ಕಣತ್ಗೆ, ಬುಡಿ,” ಎಂದು ಅವನು ಮುಖ ಸಣ್ಣ ಮಾಡಿಕೊಂಡರೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ.

ನಮ್ಮ ಕಡೆ ಹುರುಳಿಯನ್ನು ಬೇಯಿಸಿ, ಬಸಿದು, ಆ ಕಟ್ಟಿನ ನೀರನ್ನು ಸಾರಿಗೆ ಇಟ್ಟುಕೊಳ್ಳುತ್ತೇವೆ. ಬೆಂದ ಕಾಳು ಎತ್ತಿಗೆ. ನಮ್ಮತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕಾಳು ಸುರಿಯುತ್ತಾ ಎತ್ತಿನ ಹೆಗಲು ನೋಡಿದೆ. ಮಿರಮಿರ ಮಿಂಚುತ್ತಿತ್ತು, ಹಿಡಿಯಲು ಕೈ ಸಾಲದು. ಆಚೆ ಜಗುಲಿಯ ಮೇಲೆ ನಮ್ಮ ಹುಡುಗ ಕಡ್ಡಿಯ ಹಾಗೆ ನಿಂತು ಹಲ್ಲುಜ್ಜುತ್ತಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀರು ಕುಡಿದದ್ದು ಅವನು, ಸತ್ವ ತಿಂದದ್ದು ಎತ್ತು!

ಅವತ್ತೇ ಕಾಳಿನಲ್ಲಿ ಅರ್ಧ ಪಾಲು ಒಳಗಿಟ್ಟುಕೊಂಡೆ. ಮಾವ ಪುಟ್ಟಮಲ್ಲಪ್ಪನವರು ಕೂಗಾಡಿದರು. “ಎತ್ತಿನ ಬಾಯಿಗೇ ಕೈ ಆಕ್ತೀಯೇನವ್ವಾ?”

“ಎತ್ತಿಗೆ ಕಡ್ಲೆಕಾಯ್ ಇಂಡಿ ತಂದಾಕಿ ಮಾವ. ನಿಮ್ ಮಗಂಗೆ ಯಾರು ತಂದಾಕ್ತಾರೆ?” ಎಂದೆ. ಅವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಬಿಡಲಿ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಒಗ್ಗರಣೆ ಹಾಕಿದ ಹುರುಳಿಕಾಳು, ಮಧ್ಯಾಹ್ನ ಮುದ್ದೆ, ಅವರೆಕಾಳು, ಗಟ್ಟಿ ಮೊಸರು, ಸಂಜೆ ನೆನೆಸಿದ ಕಡಲೆಕಾಯಿಬೀಜ, ಬಾಳೆಹಣ್ಣು, ರಾತ್ರಿ ದೊಡ್ಡ ಲೋಟ ಹಾಲು. ತಿಂದು ತಿಂದು ಎತ್ತಿದ, ಎತ್ತಿ ಎತ್ತಿ ತಿಂದ. ಒಂದು ವರ್ಷದಲ್ಲಿ ಹಳೇ ಅಂಗಿಗಳ ತೋಳು ಹರಿದವು. ಮರುವರ್ಷ ನಮ್ಮ ತಾಲ್ಲೂಕು ಪಟ್ಟಣ ಕೋಟೆಯಲ್ಲಿ ನಡೆದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಎರಡನೆಯವನಾಗಿ ಬಂದ. ನಾನು ಬೀದಿಯಲ್ಲಿ ತಲೆ ಎತ್ತಿ ನಡೆದೆ.

ಹೊಟ್ಟೆಕಿಚ್ಚಿನವರು ಸುಮ್ಮನಿರುತ್ತಾರೆಯೇ? ಅವನು ಸೂಜಿ ಚುಚ್ಚಿಸಿಕೊಳ್ಳುತ್ತಾನೆ ಎಂದು ಸರಗೂರಿನ ಸಂತೆಯಲ್ಲೆಲ್ಲ ಗುಲ್ಲೆದ್ದಿತು. ಅದೇ ಹೊತ್ತಿಗೆ ಪಿರಿಯಾಪಟ್ಟಣದ ಕಡೆಯ ರಾಧಾಳ ಜೊತೆ ಅವನ ಮದುವೆಯ ಮಾತು ನಡೆದಿತ್ತು. ಹುಡುಗಿ ಒಪ್ಪಿದ್ದಳು. ಇವನಂತೂ ಅವಳ ಹೆಸರು ಬಂದರೆ ಸಾಕು, ಅಷ್ಟು ದೊಡ್ಡ ಮೈ ಇಟ್ಟುಕೊಂಡು ಮಗುವಿನ ಹಾಗೆ ನಾಚುತ್ತಿದ್ದ. ಗುಲ್ಲು ಅವರ ಕಿವಿಗೂ ಬಿತ್ತು. ಸೂಜಿಯ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ, ಮನೆ ನೋಡಲು ಬಂದಾಗ ನಮ್ಮಜ್ಜಿ ತೀರ್ಮಾನಿಸುತ್ತಾರೆ ಎಂದು ಹೇಳಿ ಕಳಿಸಿದರು. ಶಂಕರ ಆ ವಾರ ನಿದ್ದೆಗೆಟ್ಟ.

ರಾಧಾಳ ಅಜ್ಜಿ ಚೆನ್ನಾಜಮ್ಮ ತಮ್ಮ ಕಡೆಯ ಗಂಡಸರಿಗಿಂತ ಮುಂದೆ ಬಂದರು. ಮನೆ ನೋಡುವವರು ಕಣಜ ನೋಡುತ್ತಾರೆ, ಕೊಟ್ಟಿಗೆ ನೋಡುತ್ತಾರೆ. ಈಕೆ ಅದೊಂದನ್ನೂ ನೋಡದೆ, “ಅಂಗಿ ಬಿಚ್ಚಪ್ಪಾ,” ಎಂದರು. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ಸೂಜಿಯ ಗುರುತು ಹುಡುಕಿದರು. ನನ್ನ ಮೈ ಉರಿದುಹೋಯಿತು.

“ಹುಡುಕಿ ಅವ್ವಾ, ಚೆನ್ನಾಗ್ ಹುಡುಕಿ. ಆಮೇಲೆ ಊಟಕ್ ಕೂತ್ಕಳಿ, ಆ ತೋಳು ಎಲ್ಲಿಂದ ಬಂತು ಅಂತ ನಾನೇ ತೋರಿಸ್ತೀನಿ,” ಎಂದೆ.

ಬೀಗರಿಗೆಂದು ಮಾಡಿದ್ದ ಪಾಯಸವನ್ನು ಪಕ್ಕಕ್ಕಿಟ್ಟು ಮೊದಲು ಶಂಕರನ ತಟ್ಟೆಗೆ ಬಡಿಸಿದೆ. ಕಾಳಿನ ಗುಡ್ಡೆ, ಎರಡು ಮುದ್ದೆ, ಬಟ್ಟಲು ತುಂಬ ಮೊಸರು. ಅವನು ತಲೆ ಎತ್ತದೆ ತಿಂದು ಮುಗಿಸಿದ. ಮತ್ತೆ ಬಡಿಸಿದೆ. ಅದೂ ಮುಗಿಯಿತು. ಬೀಗರು ಉಣ್ಣುವುದನ್ನು ಬಿಟ್ಟು ಅವನನ್ನೇ ನೋಡುತ್ತಾ ಕೂತರು. ಎತ್ತಿನ ಪಾಲು ಕಸಿದ ಕತೆಯನ್ನು ಮಾವನವರೇ ಹೇಳಿದರು, ತಾವೇ ಕಸಿದು ಕೊಟ್ಟವರ ಹಾಗೆ! ಚೆನ್ನಾಜಮ್ಮ ಜೋರಾಗಿ ನಕ್ಕರು.

“ಸೂಜಿ ಇಲ್ಲ ಬುಡು, ಒಪ್ದೆ,” ಎಂದರು. ಶಂಕರನ ಮುಖ ಅರಳಿತು. ಆಕೆ ಮಾತ್ರ ಇನ್ನೂ ನನ್ನನ್ನೇ ನೋಡುತ್ತಿದ್ದರು. “ನೀನ್ ಯಾವಾಗ ಉಣ್ತೀಯವ್ವಾ?”

“ಎಲ್ಲಾರ್ದೂ ಆದ್ಮೇಲೆ.”

“ಏನುಣ್ತೀಯ?”

“ಮಿಕ್ಕಿದ್ದು.”

ಆಕೆ ನನ್ನ ಕೈ ಹಿಡಿದು ಮೇಲೆತ್ತಿದರು. ಬಳೆಗಳು ಸರ್ರನೆ ಮೊಣಕೈವರೆಗೆ ಜಾರಿದವು. “ಇವನ ತೋಳು ನೋಡ್ದೆ, ಈ ತೋಳೂ ನೋಡ್ದೆ. ನಾಳೆ ನಮ್ ರಾಧಾನೂ ಈ ಮನೆ ಸೊಸೆ. ಅವಳ್ಗೆ ಯಾವ ತೋಳು ಬತ್ತದೆ, ಹೇಳಿ.”

ನಾನು ಕೈ ಬಿಡಿಸಿಕೊಂಡು ಬಳೆಗಳನ್ನು ಕೆಳಗೆ ಎಳೆದುಕೊಂಡೆ. ಸಂಬಂಧ ಕೈತಪ್ಪಿತು ಎಂದುಕೊಂಡೆ.

ಶಂಕರ ಎದ್ದ. ಕೈ ತೊಳೆದು ಅಡುಗೆಮನೆಗೆ ಹೋಗಿ, ಒಂದು ತಟ್ಟೆ ತಂದು ಬೀಗರ ಸಾಲಿನಲ್ಲೇ ಇಟ್ಟ. “ಬನ್ನಿ ಅತ್ಗೆ, ಕೂತ್ಕಳಿ. ನಾನ್ ಬಡಿಸ್ತೀನಿ. ಇವತ್ತೊಂದಿನ ಅಲ್ಲ, ದಿನಾಲೂ.”

ಮಾವನವರು ಗಂಟಲು ಸರಿಮಾಡಿಕೊಂಡರು. ಬೈಗುಳ ಬಂತು ಎಂದು ನಾನು ಗಟ್ಟಿಯಾಗಿ ನಿಂತೆ. ಅವರು ತಮ್ಮ ಮಣೆಯನ್ನು ಎಳೆದು ಜಾಗ ಬಿಟ್ಟರು. ನನ್ನ ಗಂಡ ಶಿವಣ್ಣ, ಆ ಮಾತಿಲ್ಲದ ಮನುಷ್ಯ, ನೀರಿನ ಚೊಂಬನ್ನು ನನ್ನ ಕಡೆ ಸರಿಸಿದರು.

ಗಂಡಸರ ಸಾಲಿನಲ್ಲಿ ಕೂತೆ. ಶಂಕರ ಅಳತೆಯಿಲ್ಲದೆ ಬಡಿಸಿದ. ಇನ್ನಷ್ಟು ಹಾಕು ಎಂದು ಕೇಳಿ ಹಾಕಿಸಿಕೊಂಡೆ. ಚೆನ್ನಾಜಮ್ಮ ನಾನು ಉಂಡು ಏಳುವವರೆಗೂ ಕಾದು, ಆಮೇಲೆಯೇ ಲಗ್ನದ ಮಾತು ಎತ್ತಿದರು.