ಜಗಲಿಯ ಮೇಲಿನ ಚಿಪ್ಪಿನ ಸರ

ಕೋಡಿಯ ಸುಗಂಧಿಗೆ ಬಾಯಿ ಜೋರು, ಹೆಮ್ಮೆ ಅದಕ್ಕಿಂತಲೂ ಜೋರು. ಇರದೆ ಏನು! ಮಗಳು ಜಲಜ ಮೂರನೇ ಕ್ಲಾಸಿನಲ್ಲಿದ್ದಳು. ಕಡಲಕರೆಯ ಆ ಕೇರಿಯಿಂದ ನಾಲ್ಕನೇ ಕ್ಲಾಸಿನ ಮುಖ ಕಂಡ ಹೆಣ್ಣುಮಗಳು ಅದುವರೆಗೆ ಒಬ್ಬಳೂ ಇರಲಿಲ್ಲ. ತೆಕ್ಕಟ್ಟೆ ಪೇಟೆಯಲ್ಲಿ ಮೀನು ಮಾರುವಾಗಲೂ ಸುಗಂಧಿಯದು ಅದೇ ಮಾತು.

ಒಂದು ದಿನ ಶಾಲೆಯ ಭೋಜ ಮಾಷ್ಟ್ರು ಅವಳನ್ನು ದಾರಿಯಲ್ಲಿ ತಡೆದರು.

"ಹ್ವಾಯ್ ಸುಗಂಧಿ, ಹಿಂಗಾರೆ ನಿನ್ ಮಗಳನ್ನ ನಾಲ್ಕಕ್ಕ್ ಹಾಕುಕ್ ಆತಿಲ್ಲೆ. ಹಾಜ್ರಿ ಸಾಕಾತಿಲ್ಲೆ."

"ಎಂತ ಹೇಳ್ತ್ರಿ ಮಾಷ್ಟ್ರೆ? ಎಲ್ಲೋ ಒಂದೆರಡ್ ದಿನ ತಪ್ಪಿರ್ಕ್. ನಮ್ಮನಿ ಹೆಣ್ಣಿನ್ ಮೇಲ್ ಸುಳ್ಳ್ ಹೇಳ್ಬೇಡಿ!"

"ಬಾ, ನೀನೇ ಬಂದ್ ಕಾಣ್ ಮರಾಯ್ತಿ."

ಶಾಲೆಯ ಜಗಲಿಯಲ್ಲಿ ಮಗುವಿಗೊಂದರಂತೆ ಚಿಪ್ಪಿನ ಸರ ತೂಗುತ್ತಿತ್ತು. ಹಾಜರಿ ಪುಸ್ತಕ ಕೇರಿಯವರಿಗೆ ಓದಲು ಬಾರದು ಎಂದು ಮಾಷ್ಟ್ರೇ ಕೂತು ಪೋಣಿಸಿದ್ದರು. ಬಂದ ದಿನಕ್ಕೆ ಬಿಳಿ ಚಿಪ್ಪು, ತಪ್ಪಿದ ದಿನಕ್ಕೆ ಕಪ್ಪು. ಸುಗಂಧಿ ಜಲಜಳ ಸರವನ್ನು ಕೈಯಲ್ಲಿ ಹಿಡಿದು ನೋಡಿದಳು. ಒಂದೆರಡಲ್ಲ, ಕಪ್ಪೋ ಕಪ್ಪು!

"ಸೋಂಬೇರಿ ಮಕ್ಕಳ್ ಅಂದೇಳಿ ನಾನೂ ಬೈದಿದ್ದೆ," ಅಂದರು ಮಾಷ್ಟ್ರು. "ಪೋಣ್ಸಿದ್ ಮೇಲೆ ಗೊತ್ತಾಯ್ತ್. ಕಪ್ಪ್ ಎಲ್ಲಾ ಒಟ್ಟೊಟ್ಟಿಗೆ ಬತ್ತ್. ನಿನ್ ಪಕ್ಕದ್ಮನಿ ಹೆಣ್ಣ್ ಬೇಬಿ ಸರ ಕಾಣ್, ಅದೂ ಹಾಂಗೆ. ಎಂತಕೆ?"

ಸುಗಂಧಿ ಸರದ ಮೇಲೆ ಬೆರಳಾಡಿಸಿದಳು. ಒಂದಿಷ್ಟು ಕಪ್ಪು, ಆಮೇಲೆ ಬಿಳಿ, ಮತ್ತೆ ಕಪ್ಪು. ಕೊನೆಯ ಚಿಪ್ಪಿನಿಂದ ಹಿಂದಕ್ಕೆ ದಿನ ಎಣಿಸಿದಳು.

"ಇದ್ ಅಮಾಸಿ... ಇದ್ ಹುಣ್ಮಿ!"

ಆ ದಿನಗಳಲ್ಲಿ ಹೊಳೆ ಕಡಲು ಸೇರುವ ಅಳಿವೆಯ ನೀರು ದೂರ ಇಳಿಯುತ್ತದೆ. ಹೆಂಗಸರೆಲ್ಲ ಬುಟ್ಟಿ ಹಿಡಿದು ಕೆಸರಿಗಿಳಿದು ಚಿಪ್ಪುಮೀನು ಹೆಕ್ಕುತ್ತಾರೆ. ಆಗ ಮಹಾಯುದ್ಧದ ಕಾಲ, ರೇಷನ್ ಅಕ್ಕಿಯಲ್ಲಿ ಅರೆಹೊಟ್ಟೆಯೂ ತುಂಬದು. ತನ್ನ ಕೈಗೂಸನ್ನು ಜಲಜಳ ಸೊಂಟಕ್ಕೆ ಕೊಟ್ಟು "ಇವತ್ತೊಂದಿನ ಮನಿಲ್ ಇರ್ ಮಗಾ" ಎಂದು ಪ್ರತಿಸಲ ಹೇಳಿದವಳು ತಾನೇ.

"ಚಿಪ್ಪ್ ಹೆಕ್ದಿರೆ ಹೊಟ್ಟಿಗೆಂತ ಹಾಕೂದ್ ಮಾಷ್ಟ್ರೆ? ಮಗಿನ್ ಯಾರ್ ಕಂಡ್ಕಂಬುದ್?"

ಸುಗಂಧಿ ಬುಟ್ಟಿ ಎತ್ತಿಕೊಂಡು ನಡೆದಳು.

ಸಂಜೆ ಕಡಲಕರೆಯಲ್ಲಿ, ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಮೀನು ಪಾಲಾಗುತ್ತಿತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ಅದು ಅಲ್ಲಿಯ ಕಟ್ಟಳೆ. ಮಂಡಿನೋವಿನ ಮುದುಕಿ ರಾಜೀವಿ ಕೂತಲ್ಲೇ ಕೂತು ಕಾಗೆ ಓಡಿಸಿದ್ದಳು, ಅವಳಿಗೂ ಒಂದು ಪಾಲು ಬಿತ್ತು. ಅದನ್ನು ಕಂಡದ್ದೇ ಸುಗಂಧಿ ಹಣೆ ಚಚ್ಚಿಕೊಂಡಳು.

"ಹ್ವಾಯ್, ಇಲ್ಲ್ ಕೇಣಿ! ಕಾಗಿ ಓಡ್ಸ್ದರಿಗೂ ಪಾಲ್ ಇತ್ತ್. ನಮ್ಮ್ ಮಕ್ಕಳನ್ನ ಕಂಡ್ಕಂಡ್ ಕೂತರಿಗೆ ನಾವ್ ಹೆಕ್ಕಿದ್ ಚಿಪ್ಪಂಗ್ ಪಾಲ್ ಕೊಡುಕಾಗ್ದಾ?"

"ನಂಗೆ ಕೆಸ್ರಂಗ್ ಇಳುಕಾತಿಲ್ಲೆ. ಮಕ್ಕಳನ್ನ ನಾ ಕಂಡ್ಕಂತೆ," ಅಂದಳು ರಾಜೀವಿ. "ಆರೆ ಪಾಲಂಗೆ ಸಣ್ಣ ಚಿಪ್ಪ್ ಕೊಟ್ರೆ ಜಾಗ್ರತೆ!"

ಹೆಂಗಸರೆಲ್ಲ ನಕ್ಕರು, ಒಪ್ಪಿದರು. ಮುಂದಿನ ಅಮಾವಾಸ್ಯೆಗೆ ದೋಣಿಯ ಚಪ್ಪರದಡಿ ಕೇರಿಯ ಕೂಸುಗಳೆಲ್ಲ ರಾಜೀವಿಯ ಸುತ್ತ, ಜಲಜ, ಬೇಬಿ ಶಾಲೆಯಲ್ಲಿ. ಮಾಷ್ಟ್ರು ಪೋಣಿಸುತ್ತಲೇ ಹೋದರು. ಪರೀಕ್ಷೆ ಬರುವಷ್ಟರಲ್ಲಿ ಸರದ ಕೆಳಗಿನ ಅರ್ಧವೆಲ್ಲ ಬೆಳ್ಳಗಾಗಿತ್ತು. ಜಲಜ ನಾಲ್ಕನೇ ಕ್ಲಾಸಿಗೆ ಹತ್ತಿದಳು.

ಮರುದಿನ ತೆಕ್ಕಟ್ಟೆಯಲ್ಲಿ ಸುಗಂಧಿಯ ಕೂಗು ಕೇಳಬೇಕಿತ್ತು. "ಬಂಗ್ಡಿ ಬಂತ್, ಬಂಗ್ಡಿ! ನಮ್ಮನಿ ಹೆಣ್ಣ್ ನಾಲ್ಕನೇ ಕ್ಲಾಸ್! ಸುಳ್ಳಾ ಅಂಬರ್ ಕೋಡಿ ಶಾಲಿ ಜಗಲಿಗ್ ಹೋಯ್ ಕಾಣಿ!"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮಗುವಿನ ಹಾಜರಿಯನ್ನು ನೀವೂ ಒಮ್ಮೆ ಹೋಗಿ ನೋಡಿ. ಎಷ್ಟು ದಿನ ತಪ್ಪಿತು ಎಂದಷ್ಟೇ ಅಲ್ಲ, ಯಾವ ಯಾವ ದಿನ ಎಂದು ಕೇಳಿ. ದಿನ ತಿಳಿದರೆ ಕಾರಣ ತಿಳಿಯುತ್ತದೆ, ಕಾರಣ ತಿಳಿದರೆ ಕೇರಿಯೆಲ್ಲ ಸೇರಿ ದಾರಿ ಹುಡುಕಬಹುದು. ನಾಳೆ ಬೆಳಿಗ್ಗೆ "ಇವತ್ತೊಂದಿನ ಇರು ಮಗಾ" ಎಂಬ ಮಾತು ನಾಲಗೆಗೆ ಬಂದರೆ ನುಂಗಿಕೊಳ್ಳಿ, ಮಗುವನ್ನು ಶಾಲೆಗೆ ಕಳಿಸಿ.